ಥೆಲ್ಮಾ ರಿಟ್ಟರ್ ಇದ್ದದ್ದೇ ಹಾಗೆ ಅನ್ನುವವರಿಗೆ

ಪ್ರಶ್ನೆ: ಅಮೆರಿಕದ ಪೋಷಕ ನಟಿ ಥೆಲ್ಮಾ ರಿಟ್ಟರ್ ಅವರ ಮೂರ್ನಾಲ್ಕು ಸಿನಿಮಾ ನೋಡಿದೆ. ಎಲ್ಲದರಲ್ಲೂ ಅದೇ ಬಾಯಿ ಜೋರಿನ ಹೆಂಗಸು, ಅದೇ ನ್ಯೂಯಾರ್ಕಿನ ಬ್ರೂಕ್ಲಿನ್ ಕಡೆಯ ಮಾತು. ಅವರು ಇದ್ದದ್ದೇ ಹಾಗಲ್ವಾ? ಇದರಲ್ಲಿ ನಟನೆ ಎಲ್ಲಿ ಬಂತು?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ. ನಾಯಕಿ ಅತ್ತರೆ ನಟನೆ, ಕೆಲಸದವಳು ಬಟ್ಟೆ ಮಡಚುತ್ತಾ ಮಾತಾಡಿದರೆ ಬರೀ ಸ್ವಭಾವ, ಇದ್ಯಾವ ಲೆಕ್ಕ? ಅವರು ಹುಟ್ಟಿದ್ದು ಬ್ರೂಕ್ಲಿನ್‌ನಲ್ಲೇ, ಆ ಮಾತು ಅಲ್ಲಿನದೇ. ಆದರೆ ದನಿ ಒಂದೇ ಆದರೆ ಪಾತ್ರವೂ ಒಂದೇ ಆಗಿಬಿಡುತ್ತದಾ?

1954ರ 'ರಿಯರ್ ವಿಂಡೋ'ದಲ್ಲಿ ಅವರು ನರ್ಸ್ ಸ್ಟೆಲ್ಲಾ. ಕಾಲು ಮುರಿದು ಮನೆಯಲ್ಲಿ ಕೂತವನ ಮೈ ತಿಕ್ಕುತ್ತಾ ಬುದ್ಧಿ ಹೇಳುತ್ತಾರೆ. ಕೈಯೂ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ. ಈಗ ಅದರ ಹಿಂದಿನ ವರ್ಷದ 'ಪಿಕಪ್ ಆನ್ ಸೌತ್ ಸ್ಟ್ರೀಟ್' ನೋಡಿ. ಅದರಲ್ಲಿ ಮೋ ಎಂಬ ವಯಸ್ಸಾದ ಹೆಂಗಸು. ಟೈ ಮಾರುತ್ತಾಳೆ, ಪೊಲೀಸರಿಗೆ ಸುದ್ದಿಯನ್ನೂ ಮಾರುತ್ತಾಳೆ. ದುಡ್ಡು ಕೂಡಿಡುವುದು ತನ್ನ ಸಮಾಧಿಗೆ. ಸತ್ತ ಮೇಲೆ ದಿಕ್ಕಿಲ್ಲದವರ ಜೊತೆ ತನ್ನನ್ನು ಹೂಳಬಾರದು, ಅಷ್ಟೇ ಅವಳ ಆಸೆ. ಒಂದು ರಾತ್ರಿ ಸೋತು ಕೋಣೆಗೆ ಬಂದಿದ್ದಾಳೆ. ಗ್ರಾಮಫೋನ್ ಹಾಡುತ್ತಿದೆ. ಪಿಸ್ತೂಲಿನವನು ಒಳಗಿದ್ದಾನೆ. ಅವಳು ಚೀರುವುದಿಲ್ಲ, ಬೇಡಿಕೊಳ್ಳುವುದಿಲ್ಲ. ಎಷ್ಟು ಸುಸ್ತಾಗಿದೆ ಅಂತ ಅವನಿಗೇ ಹೇಳಿಕೊಳ್ಳುತ್ತಾಳೆ. ಸ್ಟೆಲ್ಲಾನ ಆ ಚುರುಕು ಕೈಗಳಿಗೆ ಇಲ್ಲಿ ಕೆಲಸವೇ ಇಲ್ಲ. ಗುಂಡು ಹಾರುವಾಗ ಕ್ಯಾಮೆರಾ ಅವಳನ್ನು ಬಿಟ್ಟು ಗ್ರಾಮಫೋನಿನತ್ತ ಸರಿದಿರುತ್ತದೆ. ತರಗತಿಯಲ್ಲಿ ಈ ದೃಶ್ಯ ತೋರಿಸಿದಾಗಲೆಲ್ಲ ಸ್ವಲ್ಪ ಹೊತ್ತು ನನಗೆ ಮಾತು ಹೊರಡುವುದಿಲ್ಲ.

1962ರ 'ಬರ್ಡ್‌ಮನ್ ಆಫ್ ಆಲ್ಕಟ್ರಾಜ್'ನಲ್ಲಿ ಇವರು ತಾಯಿ. ಮಗನನ್ನು ಗಲ್ಲಿನಿಂದ ಉಳಿಸಲು ಓಡಾಡಿದವಳೇ, ಅವನು ಮದುವೆಯಾದಾಗ ತಿರುಗಿ ಬೀಳುತ್ತಾಳೆ. ಈ ಮೂವರೂ ಒಬ್ಬರೇ ಅನ್ನಿಸಿದರೆ, ದಯವಿಟ್ಟು ದನಿ ಮ್ಯೂಟ್ ಮಾಡಿ ಇನ್ನೊಮ್ಮೆ ನೋಡಿ.

ಪ್ರಶ್ನೆ: ಪಾಪ, ಅವರಿಗೆ ಜೀವನದಲ್ಲಿ ಒಂದೂ ಪ್ರಶಸ್ತಿ ಬರಲಿಲ್ಲವಂತೆ?

ಉತ್ತರ: ತಪ್ಪು. ಆಸ್ಕರ್‌ಗೆ ಆರು ಸಲ ನಾಮನಿರ್ದೇಶನವಾಗಿಯೂ ಸಿಗಲಿಲ್ಲ, ಆದರೆ 1958ರಲ್ಲಿ 'ನ್ಯೂ ಗರ್ಲ್ ಇನ್ ಟೌನ್' ಸಂಗೀತ ನಾಟಕಕ್ಕೆ ಅದೇ ನಾಟಕದ ನಟಿ ಗ್ವೆನ್ ವರ್ಡನ್ ಜೊತೆ ಟೋನಿ ಪ್ರಶಸ್ತಿ (ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ) ಹಂಚಿಕೊಂಡರು.

ಪ್ರಶ್ನೆ: ನನಗೆ 43 ವರ್ಷ. ಮೂವತ್ತು ದಿನದಲ್ಲಿ ಪೋಷಕ ನಟಿ ಮಾಡುತ್ತೇವೆ ಅಂತ ಒಂದು ಕಡೆ ನಲವತ್ತು ಸಾವಿರ ಕೇಳುತ್ತಿದ್ದಾರೆ. ಸೇರಲಾ?

ಉತ್ತರ: ಬೇಡಮ್ಮ, ಒಂದು ರೂಪಾಯಿಯನ್ನೂ ಕಟ್ಟಬೇಡಿ. ಇದು ಹಗಲು ದರೋಡೆ. ವಯಸ್ಸಿನ ಚಿಂತೆ ಬಿಡಿ. ರಿಟ್ಟರ್ ಮೊದಲ ಸಲ ಸಿನಿಮಾದಲ್ಲಿ ಕಾಣಿಸಿದ್ದು 1947ರಲ್ಲಿ, 45ನೇ ವಯಸ್ಸಿಗೆ. ಮಗ ಕೇಳಿದ ಆಟಿಕೆಗಾಗಿ ಅಂಗಡಿ ಅಂಗಡಿ ಅಲೆದು ಸುಸ್ತಾದ ತಾಯಿಯ ಪುಟ್ಟ ಪಾತ್ರ. ಹೆಸರು ಕೂಡ ಹಾಕಿರಲಿಲ್ಲ. ಅದರ ಹಿಂದೆ ವರ್ಷಗಟ್ಟಲೆ ನಾಟಕ, ರೇಡಿಯೋ ಇತ್ತು. ನೀವೂ ಹತ್ತಿರದ ಹವ್ಯಾಸಿ ನಾಟಕ ತಂಡ ಹುಡುಕಿ. ಪಾತ್ರ ಸಿಗುವವರೆಗೆ ಪರದೆ ಎಳೆಯಿರಿ, ಮಾತು ಮರೆತವರಿಗೆ ಮರೆಯಿಂದ ನೆನಪಿಸುವ ಪ್ರಾಂಪ್ಟ್ ಕೆಲಸ ಮಾಡಿ.