ಏಟು ಬಿದ್ದರೆ ರಾಕೆಟ್ ಇಂಧನ ಸಿಡಿಯುತ್ತಾ?

ಪ್ರಶ್ನೆ: ನಮ್ಮ ಕಡೆ ಗಣಿಯಲ್ಲಿ ಬ್ಲಾಸ್ಟಿಂಗ್ ಮಾಡುವವರು ಕ್ಯಾಪ್ (ಮದ್ದನ್ನು ಸಿಡಿಸುವ ಪುಟ್ಟ ಡಿಟೊನೇಟರ್) ಇಡದೆ ಮದ್ದು ಸಿಡಿಯಲ್ಲ ಅಂತಾರೆ. ಹಾಗಾದ್ರೆ ರಾಕೆಟ್‌ನ ದ್ರವ ಇಂಧನ ಸುಮ್ನೆ ಏಟು ಬಿದ್ದರೆ ಸಿಡಿಯುತ್ತಾ? ಹೇಗೆ ಪರೀಕ್ಷೆ ಮಾಡ್ತಾರೆ?
– ಓದುಗರೊಬ್ಬರು, ಸಂಡೂರು, ಬಳ್ಳಾರಿ ಜಿಲ್ಲೆ

ಉತ್ತರ: ಎಲ್ಲವೂ ಸಿಡಿಯಲ್ಲ. ಆಕ್ಸಿಜನ್ ಸೇರದ ಸೀಮೆಎಣ್ಣೆಯನ್ನು ಎಷ್ಟು ಕುಟ್ಟಿದರೂ ಏನೂ ಆಗದು. ಭಯ ಇರುವುದು ನೈಟ್ರೋಮೀಥೇನ್, ಹೈಡ್ರಜೀನ್ ಥರದ ರಾಸಾಯನಿಕ ದ್ರವಗಳದ್ದು. ಇವು ಗಾಳಿಯ ಹಂಗಿಲ್ಲದೆ ತಾವೇ ಒಡೆದು ಶಾಖ ಬಿಡುತ್ತವೆ.

ಮುಖ್ಯವಾಗಿ ನೋಡಬೇಕಾದ್ದು ಗುಳ್ಳೆಯನ್ನು. ದ್ರವದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು ಥಟ್ಟನೆ ಒತ್ತಿದರೆ, ಶಾಖ ಹೊರಗೆ ಹೋಗೋಕೆ ಸಮಯವೇ ಸಿಗದೆ, ಅದು ವಿಪರೀತ ಕಾಯುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ಬೆಂಕಿ ಹತ್ತುವುದೂ ಹೀಗೇ ಅಲ್ವಾ? ಒತ್ತಡ 50 ಪಟ್ಟು ಏರಿದರೆ, ಲೆಕ್ಕದ ಪ್ರಕಾರ ಗುಳ್ಳೆಯ ಬಿಸಿ 600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗಣಿಯ ಎಮಲ್ಷನ್ ಮದ್ದಿನಲ್ಲಂತೂ ಸುಲಭವಾಗಿ ಸಿಡಿಯಲಿ ಅಂತ ಸಣ್ಣ ಗುಳ್ಳೆಗಳನ್ನು ಬೇಕಂತಲೇ ಸೇರಿಸಿರುತ್ತಾರೆ.

ಹೀಗಾಗಿ ಒಂದು ಪರೀಕ್ಷೆ ಗುಳ್ಳೆಯನ್ನೇ ಒತ್ತಿ ನೋಡುತ್ತದೆ. ಉಕ್ಕಿನ ಪುಟ್ಟ ಬಟ್ಟಲಿಗೆ ರಬ್ಬರ್ ರಿಂಗ್ ಕೂರಿಸಿ, 0.03 ಮಿಲಿಲೀಟರ್ ದ್ರವ ಬಿಡುತ್ತಾರೆ. ಪೂರ್ತಿ ಒಂದು ಹನಿಯೂ ಅಲ್ಲ. ಮೇಲೆ ತೆಳ್ಳನೆಯ ಉಕ್ಕಿನ ಬಿಲ್ಲೆ, ಅದರ ಮೇಲೆ ಪಿಸ್ಟನ್. ಒಳಗೆ ಒಂಚೂರು ಗಾಳಿ ಉಳಿದಿರುತ್ತದೆ. ಆಮೇಲೆ ಪಿಸ್ಟನ್ ಮೇಲೆ ಭಾರ ಬೀಳಿಸುತ್ತಾರೆ. ಸಿಡಿದರೆ ಢಂ ಅಂತ ಸದ್ದು, ಬಿಲ್ಲೆಯಲ್ಲಿ ತೂತು. ಎತ್ತರ ಹೆಚ್ಚು ಕಡಿಮೆ ಮಾಡುತ್ತಾ, ಸಿಡಿಯುವ ಸಾಧ್ಯತೆ ಅರ್ಧಕ್ಕರ್ಧ ಇರುವ ಎತ್ತರ ಹುಡುಕುತ್ತಾರೆ.

ಇನ್ನೊಂದು ಪರೀಕ್ಷೆ ಆಘಾತದ ಅಲೆಯದ್ದು. ಸ್ಫೋಟಕಕ್ಕೂ ದ್ರವಕ್ಕೂ ನಡುವೆ ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಅಲೆ ತಡೆಯಲು ಹಾಳೆ ಜಾಸ್ತಿ ಬೇಕಾದಷ್ಟೂ ಆ ದ್ರವ ಸೂಕ್ಷ್ಮ.

ಎರಡೂ ಪರೀಕ್ಷೆ ಒಂದೇ ಮಾತು ಹೇಳಬೇಕೆಂದಿಲ್ಲ. ಒಂದರಲ್ಲಿ ಪಾಸಾಯಿತೆಂದು ಇನ್ನೊಂದನ್ನು ಬಿಡುವುದು ನನ್ನ ಪ್ರಕಾರ ದೊಡ್ಡ ತಪ್ಪು. ನೈಟ್ರೋಮೀಥೇನನ್ನು ಅಪಾಯವಿಲ್ಲ ಅಂದುಕೊಂಡು ಅಮೆರಿಕದಲ್ಲಿ ರೈಲು ಟ್ಯಾಂಕರ್‌ಗಳಲ್ಲೇ ಸಾಗಿಸುತ್ತಿದ್ದರು. 1958ರಲ್ಲಿ ನಯಾಗರಾ ಫಾಲ್ಸ್‌ನಲ್ಲಿ ಒಂದು, ಇಲಿನಾಯ್ಸ್‌ನ ಮೌಂಟ್ ಪುಲಾಸ್ಕಿಯಲ್ಲಿ ಇನ್ನೊಂದು ಟ್ಯಾಂಕರ್ ಸಿಡಿದವು.

ಉಪಗ್ರಹಗಳ ಪುಟ್ಟ ಎಂಜಿನ್‌ಗಳಿಗೆ ಬೇಕಾದ ಹೈಡ್ರಜೀನ್ ದ್ರವವಾಗಿದ್ದಾಗ ಏಟಿಗೆ ಅಷ್ಟಾಗಿ ಜಗ್ಗುವುದಿಲ್ಲ. ಅದರ ಆವಿಯ ಕಥೆ ಬೇರೆ. ಖಾಲಿ ಪೈಪಿನ ವಾಲ್ವ್ ಒಮ್ಮೆಲೇ ತೆರೆದರೆ ದ್ರವ ರಭಸದಿಂದ ನುಗ್ಗಿ, ಮುಚ್ಚಿದ ತುದಿಯಲ್ಲಿ ಆವಿಯನ್ನು ಅದುಮುತ್ತದೆ. ಗುಳ್ಳೆಯ ಹಾಗೇ ಅದು ಕಾದು ಸಿಡಿಯಬಹುದು. ಅದಕ್ಕೇ ಪೈಪ್ ತುಂಬುವ ವೇಗಕ್ಕೆ ಕಡಿವಾಣ ಹಾಕುವಂತೆ ವಿನ್ಯಾಸ ಮಾಡುತ್ತಾರೆ.