ಕಾಲು ಹೊಂದಿದರೆ ಸಾಲದು: ಹಳೆಯ ಕಂಪ್ಯೂಟರ್ ಚಿಪ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಕೆಟ್ಟುಹೋದ ಕಮೋಡೋರ್ 64 ಮತ್ತು ಅಟಾರಿ ಬೋರ್ಡ್‌ಗಳಿಂದ ಕಿತ್ತ ಅರವತ್ತು ಎಪ್ಪತ್ತು ಚಿಪ್‌ಗಳು ಡಬ್ಬಿಯಲ್ಲಿವೆ. ಒಂದೊಂದರ ಮೇಲೂ ಎರಡು ಮೂರು ಸಾಲು ಅಂಕಿಗಳು. ಯಾವುದು ಚಿಪ್‌ನ ಹೆಸರು, ಯಾವುದು ತಾರೀಕು ಎಂದು ತಿಳಿಯುವುದು ಹೇಗೆ?

ಉತ್ತರ: ದೀಪವನ್ನು ಪಕ್ಕದಿಂದ ಬೀಳುವ ಹಾಗೆ ಹಿಡಿದು, ಭೂತಗನ್ನಡಿಯಲ್ಲಿ ಓದಿ. ಮಾಸಿದ ಅಕ್ಷರವೂ ಓರೆ ಬೆಳಕಿನಲ್ಲಿ ಕಾಣುತ್ತದೆ. ಮೊದಲ ಸಾಲಿನಲ್ಲಿ ಎಂ.ಒ.ಎಸ್., ಎರಡನೆಯದರಲ್ಲಿ 6526, ಮೂರನೆಯದರಲ್ಲಿ 2484 ಎಂದಿದೆ ಎನ್ನಿ. 6526 ಚಿಪ್‌ನ ಹೆಸರು. 2484 ಎಂದರೆ 1984ರ 24ನೇ ವಾರ. ಎಂ.ಒ.ಎಸ್. ಕಂಪನಿ ವಾರವನ್ನು ಮೊದಲು ಬರೆಯುತ್ತಿತ್ತು. ಉಳಿದವರಲ್ಲಿ ಹೆಚ್ಚಿನವರು ವರ್ಷವನ್ನು ಮೊದಲು ಹಾಕುತ್ತಾರೆ. ಅವರಲ್ಲಿ ಅದೇ ವಾರ 8424 ಆಗುತ್ತದೆ.

ಗೊಂದಲವಾದರೆ ಕಾಲು ಎಣಿಸಿ. 8250 ಎಂಬುದು 40 ಕಾಲಿನ ಸೀರಿಯಲ್ ಚಿಪ್‌ನ ಹೆಸರು, 1982ರ 50ನೇ ವಾರವೂ ಹೌದು. 14 ಕಾಲಿನ ಚಿಪ್ ಮೇಲೆ 8250 ಕಂಡರೆ ಅದು ತಾರೀಕೇ.

ಹೆಸರಿನ ಮುಂದಿನ ಅಕ್ಷರಗಳು ತಯಾರಕರನ್ನು ಹೇಳುತ್ತವೆ: ಎಸ್‌ಎನ್ ಎಂದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಎಂಸಿ ಮೊಟೊರೋಲಾ, ಎಚ್‌ಎಂ ಹಿಟಾಚಿ, ಎಂಬಿ ಫುಜಿತ್ಸು. ಕೊನೆಯ ಬಾಲವನ್ನಂತೂ ಬಿಡಲೇಬೇಡಿ. ರ‍್ಯಾಮ್ ಚಿಪ್ ಮೇಲಿನ -15 ಎಂದರೆ 150 ನ್ಯಾನೊಸೆಕೆಂಡ್ ವೇಗ. ಝಡ್80 ಪ್ರೊಸೆಸರ್ ಬರಿಯದಾದರೆ 2.5 ಮೆಗಾಹರ್ಟ್ಸ್, ಎ ಇದ್ದರೆ 4, ಬಿ ಇದ್ದರೆ 6. ಅಟಾರಿಯ ಚಿಪ್‌ಗಳ ಮೇಲೆ ಜನರಿಗೆ ಗೊತ್ತಿರುವ ಹೆಸರೇ ಇರುವುದಿಲ್ಲ. ಸಿ012294 ಎಂದರೆ ಧ್ವನಿ ಚಿಪ್ ಪೋಕಿ. ಸಿ014805 ಎಂದರೆ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ವಿಡಿಯೊ ಚಿಪ್ ಜಿಟಿಐಎ. ಸಿ014889 ಎಂದರೆ ಪ್ಯಾಲ್ (ಯುರೋಪ್, ಭಾರತದ ಟಿವಿ ಪದ್ಧತಿ) ಜಿಟಿಐಎ. ಕಮೋಡೋರ್‌ನ ವಿಡಿಯೊ ಚಿಪ್‌ನಲ್ಲೂ 6567 ಎನ್‌ಟಿಎಸ್‌ಸಿ, 6569 ಪ್ಯಾಲ್. ಮಾರುವಾಗ ಚಿಪ್ ಮೇಲಿರುವ ಪ್ರತಿ ಅಕ್ಷರವನ್ನೂ ಇದ್ದಂತೆಯೇ ಬರೆಯಿರಿ.

ಪ್ರಶ್ನೆ: ಕಮೋಡೋರ್ 64ರ ಧ್ವನಿ ಚಿಪ್ 8580 ಒಂದನ್ನು ಮಾರಿದ್ದೆ. ಕೊಂಡವರು ಹಳೆಯ ಬೋರ್ಡ್‌ಗೆ ಹಾಕಿದರಂತೆ, ಈಗ ಸತ್ತಿದೆ ಎನ್ನುತ್ತಿದ್ದಾರೆ. ಕಳಿಸುವಾಗ ಚೆನ್ನಾಗಿಯೇ ಇತ್ತು.

ಉತ್ತರ: ಹಾಗಾದರೆ 12 ವೋಲ್ಟ್ ಅದನ್ನು ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಹಳೆಯ ಬೋರ್ಡ್‌ನ ಧ್ವನಿ ಚಿಪ್ 6581, ಅದರ ಹೊಸ ರೂಪ 8580, ಎರಡಕ್ಕೂ 28 ಕಾಲು, ಜಾಗವೂ ಒಂದೇ. ಆದರೆ 28ನೇ ಕಾಲಿಗೆ 6581 ಕೇಳುವುದು 12 ವೋಲ್ಟ್, 8580 ಕೇಳುವುದು 9. ಚಿಪ್ ಹಾಕುವ ಮೊದಲು ಖಾಲಿ ಸಾಕೆಟ್‌ನಲ್ಲಿ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು 14ನೇ ತೂತಿಗೆ, ಕೆಂಪನ್ನು 28ಕ್ಕೆ ಇಟ್ಟು ನೋಡಿದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಫಿಲ್ಟರ್ ಕೆಪಾಸಿಟರ್‌ಗಳೂ ಬೇರೆ: 6581 ಬೋರ್ಡ್‌ನಲ್ಲಿ ಸಾಮಾನ್ಯವಾಗಿ 470 ಪಿಕೊಫ್ಯಾರಡ್, 8580ಕ್ಕೆ 22 ನ್ಯಾನೊಫ್ಯಾರಡ್. ಅವನ್ನು ಬದಲಿಸದಿದ್ದರೆ ಚಿಪ್ ಸುಡುವುದಿಲ್ಲ, ಫಿಲ್ಟರಿನ ನಾದ ಕೆಡುತ್ತದೆ.

ವಿಡಿಯೊ ಚಿಪ್‌ಗೂ ಇದೇ ಅಪಾಯವಿದೆ: 6569 ಚಿಪ್‌ಗೆ 12 ಮತ್ತು 5 ವೋಲ್ಟ್ ಎರಡೂ ಬೇಕು, ಅದರ ಹೊಸ ರೂಪವಾದ 8565ಕ್ಕೆ 5 ಮಾತ್ರ. ಇಂಥ ಚಿಪ್ ಮಾರುವಾಗ ವೋಲ್ಟೇಜನ್ನು ಮೊದಲ ಸಾಲಿನಲ್ಲೇ ಬರೆಯುವುದು ಮಾರುವವರ ಹೊಣೆ ಎಂದೇ ನಮ್ಮ ಅಭಿಪ್ರಾಯ. ಕೊಳ್ಳುವವರಲ್ಲಿ ಹಲವರಿಗೆ ಇದು ಮೊದಲ ದುರಸ್ತಿ.

‘ಪರೀಕ್ಷಿಸಿದೆ’ ಎಂಬ ಒಂದೇ ಪದವೂ ಸಾಲದು. ಧ್ವನಿ ಚಿಪ್ ಆದರೆ ಮೂರೂ ದನಿಗಳು, ಫಿಲ್ಟರ್, ಎರಡು ಪ್ಯಾಡಲ್ (ಆಟದ ತಿರುಗುಗುಂಡಿ) ಇನ್‌ಪುಟ್, ಇವನ್ನು ಬೇರೆ ಬೇರೆಯಾಗಿ ನೋಡಿ. ಕಮೋಡೋರ್‌ನ 1351 ಮೌಸ್ ಆ ಪ್ಯಾಡಲ್ ಇನ್‌ಪುಟ್‌ಗಳಿಂದಲೇ ಓಡುವುದರಿಂದ ದನಿ ಬಂದರೂ ಮೌಸ್ ಕುಣಿಯುವ ಚಿಪ್‌ಗಳು ಇರುತ್ತವೆ. 6581ರಲ್ಲಿ ದನಿ ಸರಿಯಿದ್ದು ಫಿಲ್ಟರ್ ಮಾತ್ರ ಸತ್ತಿರುವುದು ಅಪರೂಪವಲ್ಲ. ಅಂಥದ್ದನ್ನೂ ಮಾರಬಹುದು, ಹಾಗೆಂದು ಬರೆದು, ಬೆಲೆ ಇಳಿಸಿ. ಅಂದ ಹಾಗೆ, 6581 ಬಿಸಿಯಾಗಿಯೇ ಓಡುವ ಚಿಪ್. ಬರೀ ಬಿಸಿ ನೋಡಿ ಅದನ್ನು ಕೆಟ್ಟದ್ದೆಂದು ಎಸೆಯಬೇಡಿ.

ಪ್ರಶ್ನೆ: ಸ್ಪೆಕ್ಟ್ರಂ ಎಂಬ ಹಳೆಯ ಮನೆ ಕಂಪ್ಯೂಟರ್‌ನಿಂದ ತೆಗೆದ 4116 ಮತ್ತು 4532 ರ‍್ಯಾಮ್‌ಗಳಿವೆ. ಬಿಡಿಬಿಡಿಯಾಗಿ ಮಾರಲೇ? ಟೆಸ್ಟರ್ ಇಲ್ಲ.

ಉತ್ತರ: 4116 ಬಿಡಿಯಾಗಿ ಮಾರಬಹುದು. 4532 ಬಗ್ಗೆ ಎಚ್ಚರ. ಅದು 64 ಕಿಲೋಬಿಟ್‌ನ ಚಿಪ್. ಅರ್ಧ ಭಾಗ ದೋಷವಾದದ್ದನ್ನು 32 ಎಂದು ಮಾರಿದ್ದು. ಯಾವ ಅರ್ಧ ಒಳ್ಳೆಯದು ಎಂಬುದು ಬಾಲದಲ್ಲಿರುತ್ತದೆ: ಟೆಕ್ಸಾಸ್‌ನದರಲ್ಲಿ ಎನ್‌ಎಲ್3 ಅಥವಾ ಎನ್‌ಎಲ್4, ಓಕಿಯ 3732ರಲ್ಲಿ ಎಚ್ ಅಥವಾ ಎಲ್. ಒಂದು ಯಂತ್ರದ ಎಂಟೂ ಒಂದೇ ಬಗೆಯವಾಗಿರಬೇಕು. ಆದ್ದರಿಂದ ಬಗೆಯ ಪ್ರಕಾರ ವಿಂಗಡಿಸಿ ಮಾರಿ.

ಪರೀಕ್ಷೆಗೆ ಸರಿಯಾಗಿ ಓಡುವ ಒಂದು ಬೋರ್ಡ್‌ನಲ್ಲಿ ರ‍್ಯಾಮ್ ಜಾಗಕ್ಕೆ ಸಾಕೆಟ್ ಕೂರಿಸಿ, ವಿದ್ಯುತ್ ಆರಿಸಿ, ಒಂದೊಂದಾಗಿ ಹಾಕಿ ನೋಡಿ. 4116ಕ್ಕೆ ಮೂರು ವೋಲ್ಟೇಜ್: 1ನೇ ಕಾಲಿಗೆ ಮೈನಸ್ 5, 8ಕ್ಕೆ 12, 9ಕ್ಕೆ 5. ಮೈನಸ್ 5 ಇಲ್ಲದೆ 12 ಮಾತ್ರ ಬಂದರೆ ಚಿಪ್ ಸಾಯುತ್ತದೆ. ಸ್ಪೆಕ್ಟ್ರಂನಲ್ಲಿ ಟಿಆರ್4 ಟ್ರಾನ್ಸಿಸ್ಟರ್ ಹೋದಾಗ ಈ ವೋಲ್ಟೇಜ್‌ಗಳೇ ಕೆಡುತ್ತವೆ. ಅದಕ್ಕೇ ಖಾಲಿ ಸಾಕೆಟ್‌ನಲ್ಲಿ ಮೂರನ್ನೂ ಅಳೆಯದೆ ಒಳ್ಳೆಯ ಚಿಪ್ ಒಂದನ್ನೂ ಕೂರಿಸಬೇಡಿ. 4164 ಇದೇ ಆಕಾರದ 16 ಕಾಲಿನದು, ಆದರೆ 8ನೇ ಕಾಲಿಗೆ 5 ವೋಲ್ಟ್ ಬಯಸುತ್ತದೆ. 4116ರ ಜಾಗಕ್ಕೆ ಹಾಗೇ ಹಾಕಿದರೆ 12 ವೋಲ್ಟ್ ಬಡಿಯುತ್ತದೆ.

ಪ್ರಶ್ನೆ: ಕಿಟಕಿಯಿರುವ ಈಪ್ರಾಮ್‌ಗಳ (ಕಿಟಕಿಯಲ್ಲಿ ಅತಿನೇರಳೆ ಬೆಳಕು ಬಿದ್ದರೆ ಬರೆದದ್ದು ಅಳಿಯುವ ಚಿಪ್) ಹಳೆಯ ಚೀಟಿ ಕಿತ್ತು ತೊಳೆದು ಮಾರಬಹುದೇ?

ಉತ್ತರ: ಕೀಳುವ ಮೊದಲು ಒಳಗಿನದನ್ನು ಓದಿ ಉಳಿಸಿಕೊಳ್ಳಿ, ಬೇರೆಲ್ಲೂ ಉಳಿದಿರದ ಪ್ರೋಗ್ರಾಂ ಅದರಲ್ಲಿರಬಹುದು. 2732 ಎಂಬ ಈಪ್ರಾಮ್‌ಗೆ ಬರೆಯುವ ವೋಲ್ಟೇಜ್ 25, 2732ಎ ಆದರೆ 21. ಆ ಒಂದು ‘ಎ’ ಬಿಟ್ಟುಹೋದರೆ ಕೊಂಡವರು ಚಿಪ್ ಸುಡುತ್ತಾರೆ.

ಪ್ರಶ್ನೆ: 6502 ಪ್ರೊಸೆಸರ್ ಕೇಳಿದವರಿಗೆ ಈಗಿನ ಡಬ್ಲ್ಯು65ಸಿ02ಎಸ್ ಕೊಡಬಹುದೇ?

ಉತ್ತರ: ಕೇಳದೆ ಕೊಡಬೇಡಿ. ಹಳೆಯ 6502ರಲ್ಲಿ 1ನೇ ಕಾಲು ನೆಲ (ಗ್ರೌಂಡ್), ಹೊಸದರಲ್ಲಿ ಅದೇ ಕಾಲು ಸಂಕೇತ ಹೊರಬರುವ ದಾರಿ. ಹಳೆಯ ಬೋರ್ಡ್ ಅದನ್ನು ನೆಲಕ್ಕೆ ಕಟ್ಟಿರುತ್ತದೆ. ಕೈಪಿಡಿಯಲ್ಲಿಲ್ಲದ ಆಜ್ಞೆಗಳನ್ನು ಬಳಸುವ ಹಳೆಯ ಆಟಗಳೂ ಅದರಲ್ಲಿ ಸರಿಯಾಗಿ ಓಡುವುದಿಲ್ಲ. ಕಮೋಡೋರ್ 64ಕ್ಕಂತೂ 6510 ಬೇಕು.

ಪ್ರಶ್ನೆ: ಹತ್ತು ಎವೈ-3-8910 ಧ್ವನಿ ಚಿಪ್ ಕೊಂಡೆ. ಎಲ್ಲದರ ಮೇಲೂ ಒಂದೇ ತಾರೀಕು, ಮೂರು ಓಡುತ್ತಿಲ್ಲ. ನಕಲಿಯೇ?

ಉತ್ತರ: ತಿರುಗಿಸಿ ಹೊಟ್ಟೆ ನೋಡಿ. ಮೇಲೆ ಒಂದೇ ತಾರೀಕಿದ್ದು ಕೆಳಗಿನ ಅಚ್ಚು ಗುರುತುಗಳು ಬೇರೆ ಬೇರೆಯಾಗಿದ್ದರೆ ಮೇಲ್ಮೈಯನ್ನು ಉಜ್ಜಿ ಮತ್ತೆ ಬರೆದಿದ್ದಾರೆ. ಬೆನ್ನು ಮಟ್ಟಸವಾಗಿ ಮಂಕಾಗಿದ್ದು ಪಕ್ಕ ಹೊಳೆಯುವುದು, ಅಚ್ಚಿನ ಗುಂಡು ಕುಳಿಯೊಳಗೆ ಬಣ್ಣ ತುಂಬಿರುವುದು, ‘ಹೊಸದು’ ಎಂದ ಚಿಪ್‌ನ ಕಾಲುಗಳ ಬುಡದಲ್ಲಿ ಹಳೆಯ ಬೆಸುಗೆ ಸಿಗುವುದು, ಎಲ್ಲವೂ ಅದೇ ಕತೆ ಹೇಳುತ್ತವೆ. ಒಮ್ಮೆಯೂ ಬೋರ್ಡ್ ಕಾಣದ ಚಿಪ್‌ನ ಕಾಲುಗಳು ತುಸು ಹೊರಕ್ಕೆ ಅಗಲಿಕೊಂಡಿರುತ್ತವೆ. ಹತ್ತಿಯಲ್ಲಿ ಅಸಿಟೋನ್ ಅದ್ದಿ ಅಂಚನ್ನು ಒರೆಸಿ, ಅಕ್ಷರದ ಮೇಲಲ್ಲ; ಅಸಲಿ ಶಾಯಿಯೂ ಕರಗಬಹುದು. ಹತ್ತಿಗೆ ಕಪ್ಪು ಬಂದರೆ ಬಣ್ಣ ಬಳಿದದ್ದೇ. ಓಡುವ ಏಳನ್ನು ಮಾರುವುದಾದರೆ ‘ಮರುಗುರುತು ಹಾಕಿದ್ದು, ಪರೀಕ್ಷಿಸಿದೆ’ ಎಂದೇ ಬರೆಯಿರಿ.

ಪ್ರಶ್ನೆ: ಕಾಲುಗಳು ಕಪ್ಪಾಗಿವೆ. ಬ್ಲೇಡಿನಿಂದ ಕೆರೆಯಲೇ? ಅಂಚೆಯಲ್ಲಿ ಕಳಿಸುವುದು ಹೇಗೆ?

ಉತ್ತರ: ಬ್ಲೇಡ್ ಬೇಡ. ಆ ಕಪ್ಪು ಬೆಳ್ಳಿ ಲೇಪಕ್ಕೆ ಗಂಧಕ ತಾಗಿ ಬಂದದ್ದು. ಬೆಳ್ಳಿ ದೀಪ ಕಪ್ಪಾಗುವ ಹಾಗೆಯೇ. ಕೆರೆದರೆ ಲೇಪ ಹೋಗಿ ಕಾಲು ತುಕ್ಕು ಹಿಡಿದು ಮುರಿಯುತ್ತದೆ. ಗಟ್ಟಿ ರಬ್ಬರ್‌ನಿಂದ ಬುಡದಿಂದ ತುದಿಗೆ ಎಳೆಯಿರಿ, ಅಡ್ಡ ಉಜ್ಜಬೇಡಿ. ನಂತರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ.

ಕಳಿಸಲು ವಿದ್ಯುತ್ ಹರಿಯುವ ಕಪ್ಪು ಸ್ಪಂಜು ಬೇಕು. ಮಲ್ಟಿಮೀಟರಿನ ಎರಡೂ ಕಡ್ಡಿ ಚುಚ್ಚಿದಾಗ ಅಳತೆ ಏನಾದರೂ ಬಂದರೆ ಅದು ಸರಿಯಾದದ್ದು. ಬೆರಳಿಗೆ ಪುಡಿಯಾಗಿ ಅಂಟುವ ಹಳೆಯ ಸ್ಪಂಜು ಕಾಲುಗಳನ್ನು ತಿನ್ನುತ್ತದೆ, ಅದನ್ನು ಎಸೆಯಿರಿ. ಥರ್ಮಾಕೋಲ್‌ಗೆ ಚುಚ್ಚಲೇಬೇಡಿ, ಅದರ ಸ್ಥಾಯಿ ವಿದ್ಯುತ್ ಚಿಪ್ ಕೊಲ್ಲುತ್ತದೆ. ಸ್ಪಂಜಿನ ಸಮೇತ ಆಂಟಿಸ್ಟ್ಯಾಟಿಕ್ ಚೀಲದಲ್ಲಿಟ್ಟು ಗಟ್ಟಿ ಡಬ್ಬಿಗೆ ಹಾಕಿ. ಲಕೋಟೆಯಲ್ಲಿ ಕಳಿಸಿದರೆ ಠಸ್ಸೆ ಯಂತ್ರದಡಿ 40 ಕಾಲಿನ ಚಿಪ್ ನಡುವೆ ಸೀಳುತ್ತದೆ. ಕಳಿಸುವ ಮೊದಲು ಬೆನ್ನು, ಹೊಟ್ಟೆ ಎರಡರ ಫೋಟೊ ತೆಗೆದಿಡಿ.