ಬೀದಿಯವರೆಲ್ಲ ಆಡ್ಕೋತಾರೆ, ಹೊಸ ಮನೆ ಮೇಲೆ ಹೆಂಚು ಹಾಕಿಸ್ಲಾ?

ಪ್ರಶ್ನೆ: ನಮ್ಮ ಬೀದೀಲಿ ಎಲ್ಲಾ ಇಳಿಜಾರು ಹೆಂಚಿನ ಹಳೇ ಮಾದರಿ ಮನೆಗಳು. ನಾವು ಫ್ಲಾಟ್ ರೂಫು, ದೊಡ್ಡ ಗ್ಲಾಸು, ಪ್ಲಾಸ್ಟರ್ ಇಲ್ಲದ ಕಾಂಕ್ರೀಟ್ ಗೋಡೆ ಇಟ್ಟು ಕಟ್ಸಿದ್ವಿ. ಪಕ್ಕದೋರು ‘ಆಫೀಸ್ ಥರ ಇದೆ, ಬೀದಿ ಅಂದಾನೇ ಕೆಡ್ತು’ ಅಂತ ಎದುರಿಗೇ ಅಂತಾರೆ, ಎದುರುಮನೆಯವ್ರಂತೂ ಮಾತೇ ಬಿಟ್ಟಿದಾರೆ. ಬೇಜಾರಾಗಿ ನಮ್ಮನೆಯವ್ರು ಮೇಲೊಂದು ಹೆಂಚಿನ ಮಾಡು ಕೂರ್ಸೋಣ ಅಂತಿದಾರೆ, ನಂಗೆ ಸುತರಾಂ ಇಷ್ಟ ಇಲ್ಲ. ದಿನಾ ಜಗಳ. ಏನ್ ಮಾಡ್ಲಿ?

ಉತ್ತರ: ಮೊದ್ಲು ಆ ಹೆಂಚಿನ ಆರ್ಡರ್ ನಿಲ್ಸಿ ಮೇಡಂ. ಡಬ್ಬದ ಥರ ಡಿಸೈನ್ ಮಾಡಿದ ಮನೆ ಮೇಲೆ ತೋರಿಕೆಗೊಂದು ಮಾಡು ಕೂರ್ಸಿದ್ರೆ ಅದು ಹಳೇದೂ ಆಗಲ್ಲ ಹೊಸದೂ ಆಗಲ್ಲ, ಆಡ್ಕೊಳ್ಳೋರಿಗೆ ಇನ್ನೊಂದು ವಿಷ್ಯ ಸಿಗುತ್ತೆ ಅಷ್ಟೆ, ಮೇಲಾಗಿ ಭಾರ, ಗಾಳಿಯ ಹೊಡೆತ ಎಲ್ಲಾ ಇಂಜಿನಿಯರ್ ನೋಡ್ದೆ ಮಾಡೋ ಕೆಲಸ ಅಲ್ಲ.

ಹೀಗೆ ಆಡಿಸ್ಕೊಂಡೋರಲ್ಲಿ ನೀವೇ ಮೊದಲಲ್ಲ. 1910ರಲ್ಲಿ ವಿಯೆನ್ನಾದ ಅರಮನೆ ಎದುರಿಗೇ ಅಡಾಲ್ಫ್ ಲೋಸ್ ಅನ್ನೋ ಆರ್ಕಿಟೆಕ್ಟು ಕಿಟಕಿ ಸುತ್ತ ಒಂದು ಅಲಂಕಾರಾನೂ ಇಲ್ದೆ ಬಿಲ್ಡಿಂಗ್ ಎಬ್ಬಿಸ್ದಾಗ ಊರೋರು ‘ಹುಬ್ಬಿಲ್ಲದ ಮನೆ’ ಅಂತ ನಕ್ರು, ಆಡಳಿತದವ್ರು ಕೆಲಸ ತಡೆದ್ರು, ಕೊನೆಗೆ ಕಿಟಕಿಗಳಿಗೆ ಹೂವಿನ ತೊಟ್ಟಿ ಇಟ್ಟು ರಾಜಿ ಆಯ್ತು. ಈಗ ಅದು ಸಂರಕ್ಷಿತ ಕಟ್ಟಡ. ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್ ಊರಲ್ಲಿ ಇಟ್ಟಿಗೆ ಮನೆಗಳ ಸಾಲಿನ ತುದೀಲಿ 1924ರಲ್ಲಿ ರೀಟ್‌ವೆಲ್ಡ್ ಅನ್ನೋ ಆರ್ಕಿಟೆಕ್ಟು ಕಟ್ಟಿದ, ಫ್ಲಾಟ್ ರೂಫಿನ ಶ್ರೋಡರ್ ಮನೆ 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೇ ಸೇರ್ತು. ಹಾಗಂತ ಇದನ್ನ ಪಕ್ಕದೋರಿಗೆ ಪಾಠ ಹೇಳೋಕೆ ಹೋಗ್ಬೇಡಿ, ನಿಮ್ಮನೇನೂ ಪಟ್ಟಿ ಸೇರುತ್ತೆ ಅಂತ ನಾನೇನೂ ಹೇಳ್ತಿಲ್ಲ!

ನಂಗೆ ಅನುಮಾನ ಇರೋದು ಎದುರುಮನೆಯವ್ರ ಬಗ್ಗೆ. ಅಂದ ಕೆಡ್ತು ಅನ್ನೋರು ಅಂದು ಸುಮ್ನಾಗ್ತಾರೆ, ಮಾತೇ ಬಿಟ್ಟಿದಾರೆ ಅಂದ್ರೆ ಬೇರೇನೋ ನಿಜವಾದ ತೊಂದ್ರೆ ಇರ್ಬೋದು. ನಿಮ್ಮ ಗ್ಲಾಸಿಂದ ಅವರ ಮನೆ ಹಾಲ್ ಪೂರ್ತಿ ಕಾಣುತ್ತಾ? ಬಿಸಿಲು ಗ್ಲಾಸಿಗೆ ಬಡಿದು ಅವರ ಕಣ್ಣಿಗೆ ಹೊಡಿಯುತ್ತಾ? ಒಂದು ಬೆಳಿಗ್ಗೆ, ಒಂದು ಸಂಜೆ, ಆಮೇಲೆ ರಾತ್ರಿ ಲೈಟ್ ಹಾಕಿ ಅವರ ಗೇಟ್ ಹತ್ರ ನಿಂತು ನಿಮ್ಮನೆ ನೋಡಿ. ಹಾಗೇನಾದ್ರೂ ಇದ್ರೆ ಕನ್ನಡಿ ಥರದ ಫಿಲ್ಮ್ ಮಾತ್ರ ಅಂಟಿಸ್ಬೇಡಿ, ಹಗಲು ಹೊಳಪು ಇನ್ನೂ ಜಾಸ್ತಿ ಆಗುತ್ತೆ, ರಾತ್ರಿ ಒಳಗೆ ಲೈಟ್ ಇದ್ರೆ ಹೊರಗಿನೋರಿಗೆ ಎಲ್ಲಾ ಕಾಣುತ್ತೆ. ಕಣ್ಣಿನ ಎತ್ತರದವರೆಗೆ ಮಸುಕು ಗ್ಲಾಸು, ಹೊರಗಡೆಯಿಂದ ಲೂವರ್, ಅಂದ್ರೆ ಓರೆಯಾಗಿ ಸಾಲಾಗಿ ಜೋಡಿಸಿದ ಮರದ ಪಟ್ಟಿ, ಹಾಕ್ಸಿ. ಕರ್ಟನ್ ಆದ್ರೆ ಬಿಸಿಲು ಗ್ಲಾಸ್ ದಾಟಿ ಒಳಗೆ ಬಂದ್ಮೇಲೆ ತಡೆಯುತ್ತೆ, ಲೂವರ್ ಹೊರಗೇ ತಡೆಯುತ್ತೆ, ಸೆಖೆ ಕಮ್ಮಿ ಆಗೋದು ನಿಮಗೇ ಲಾಭ.

ಆಮೇಲೆ ಇಬ್ರೂ ಅವರ ಮನೆಗೆ ಹೋಗಿ ‘ನಮ್ಮ ಮನೆಯಿಂದ ನಿಮಗೇನಾದ್ರೂ ತೊಂದ್ರೆ ಆಗ್ತಿದ್ಯಾ’ ಅಂತ ಕೇಳಿ, ಡಿಸೈನ್ ಸಮರ್ಥನೆ ಬೇಡ.

ಯಜಮಾನ್ರಿಗೆ ಹೆಂಚಿನ ಮೇಲೆ ಆಸೆ ಇದೆ ಅಂತ ನಂಗನ್ಸಲ್ಲ, ಬೀದೀಲಿ ತಲೆ ಎತ್ತಿ ಓಡಾಡೋಕೆ ಅವರಿಗೆ ಮುಜುಗರ ಆಗ್ತಿರ್ಬೇಕು, ಅದನ್ನ ನೀವು ಒಂದ್ಸಲ ಕೂತು ಕೇಳಿದೀರಾ? ಲೂವರ್ ಯಾವ ಬಣ್ಣ ಅಂತ ಅವರೇ ಆರಿಸ್ಲಿ ಬಿಡಿ.